ಇಪ್ಪತ್ತೊಂಬತ್ತು ನಂಬರಿನ ಕೇಕು

ದೋಣಿಗಳಿಗೆ ಹೆಸರು ಬರೆಯುವವನು ನಾನು.
ಬೋಳಾರದ ಹೊಳೆಬದಿ, ದಡಕ್ಕೆಳೆದ ದೋಣಿಗಳ ಮೂತಿಗೆ
ಮೊಳದುದ್ದದ ಅಕ್ಷರ;
ಆಚೆ ದಡದವನಿಗೂ ಓದಲು ಬರಬೇಕು, ಅಷ್ಟೇ ನಿಯಮ.
ಅಂಥವನ ಕೈಗೆ ತಂಗಿ ಸುಪ್ರೀತ
ಹಾಲಿನ ತೊಟ್ಟೆಯ ಮೂಲೆ ಕತ್ತರಿಸಿ, ಕ್ರೀಮು ತುಂಬಿ ಕೊಟ್ಟಳು:
"ಬರಿ ಅಣ್ಣ, ನಿನ್ನದೇ ಕಸುಬಲ್ವಾ."

ಪ್ರಾಪ್ತಿಗೆ ಬಸ್ಸೇ ಬೇಕು.
ಗೊಂಬೆ ಬೇಡ, ಚಿಟ್ಟೆ ಬೇಡ,
ಅಪ್ಪ ಟಿಕೆಟು ಹರಿಯುವ ಬಸ್ಸು,
ನೀಲಿ, ಇಪ್ಪತ್ತೊಂಬತ್ತು ನಂಬರು.
"ನಿನಗೆ ಐದಲ್ವಾ ಮಗಾ, ಐದು ಅಂತ ಬರೆಯುವ."
"ಐದು ಬೇರೆ ಕಡೆ ಹೋಗ್ತದೆ ಮಾಮ."

ಕುಕ್ಕರಿನ ಗ್ಯಾಸ್ಕೆಟ್ಟು ತೆಗೆದು, ಅಡಿಗೆ ಹೊಯಿಗೆ ಹರಡಿ,
ಹೊಯಿಗೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಡಬ್ಬ.
ಮೊದಲನೆಯದು ನಡುವೆ ಕುಸಿದು ಕೆರೆಯಾಯಿತು.
"ಅದನ್ನೇನೂ ಬಿಸಾಡಬೇಡ" ಎನ್ನುತ್ತ ಪಕ್ಕದ ಮನೆಯ ಜುಲಿಯಾನಾ ಬಾಯಿ
ಅಲ್ಲೇ ಮೆಟ್ಟಿಲಲ್ಲಿ ಕುಳಿತು, ಚಾದ ಜೊತೆ, ಕೆರೆಯನ್ನು ಮುಗಿಸಿದರು.

ನೀಲಿಗೆಲ್ಲಿ ಹೋಗುವುದು?
ನನ್ನ ಶೆಡ್ಡಿನಲ್ಲಿ ನಾಲ್ಕು ಲೀಟರ್ ಉಂಟು,
ಉಪ್ಪುನೀರಿಗೂ ಹೆದರದ ನೀಲಿ,
ತಿನ್ನಲಾಗದ ನೀಲಿ.
ಬಾಯಿ ತಮ್ಮ ಬೇಲಿಯ ಶಂಖಪುಷ್ಪ ತೋರಿಸಿದರು.
ಒಂದು ಹಿಡಿ ಹೂ, ಅರ್ಧ ಲೋಟ ಬಿಸಿನೀರು.
ಬಣ್ಣ ಬಿಟ್ಟುಕೊಟ್ಟವು, ಗುಟ್ಟು ಬಿಟ್ಟುಕೊಟ್ಟ ಹಾಗೆ, ಒಮ್ಮೆಲೇ.
ಪುನರ್ಪುಳಿ ಶರಬತ್ತಿನ ಚಮಚವನ್ನೇ ತೊಳೆಯದೆ ಅದರಲ್ಲಿ ಅದ್ದಿದವನು ನಾನು.
ಬಸ್ಸಿನ ಕಾಲುಭಾಗ ನೇರಳೆ.
ಪ್ರಾಪ್ತಿ ಬಗ್ಗಿ ನೋಡಿ,
"ಅಲ್ಲಿ ನೆರಳು ಬಿದ್ದದ್ದು" ಎಂದಳು. ಬದುಕಿದೆ.

ಚಕ್ರಕ್ಕೆಂದು ನಾಲ್ಕು ಕ್ರೀಮ್ ಬಿಸ್ಕಿಟು ಎಣಿಸಿಟ್ಟಿದ್ದೆವು.
ಮೂರಿದ್ದವು.
ಯಾರೂ ಯಾರನ್ನೂ ಕೇಳಲಿಲ್ಲ.
ನಾಲ್ಕನೆಯದು ಚಕ್ಕುಲಿ.

ಇನ್ನು ಹೆಸರು.
ಎರಡೇ ಅಕ್ಷರ, ಎರಡಕ್ಕೂ ಕೆಳಗೊಂದು ಒತ್ತು.
ಮರದ ಮೇಲಾದರೆ ಕಣ್ಣುಮುಚ್ಚಿ ಎಳೆದೇನು.
ಇಲ್ಲಿ ಸೆಕೆಗೆ ಕ್ರೀಮು ನೀರಾಗಿ
ರಕಾರದ ಒತ್ತು ಕಿಟಕಿಯಿಂದ ಇಳಿಯಿತು,
ತಕಾರದ್ದು ಫುಟ್‌ಬೋರ್ಡಿಗೆ ನೇತುಬಿತ್ತು,
ಐದೂವರೆಯ ಬಸ್ಸಿನ ಕಾಲೇಜು ಹುಡುಗನ ಹಾಗೆ.
ಒರೆಸಿದೆ, ಬರೆದೆ, ಒರೆಸಿದೆ.
ಕೊನೆಗೆ ಹಾಗೇ ಬಿಟ್ಟೆ: ಬಸ್ಸು ರಶ್ಶಿರಲಿ.

ಕೊನೆಯ ಎರಡು ಟ್ರಿಪ್ಪು ಇನ್ನೊಬ್ಬನಿಗೆ ಒಪ್ಪಿಸಿ
ಲೀಲಾಧರ ಖಾಕಿಯಲ್ಲೇ ಬಂದ.
ಚಾಪೆಯ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ
"ಮುಂದೆ ಹೋಗಿ, ಒಳಗೆ ಜಾಗ ಉಂಟು" ಎಂದು ಕೂಗಿ,
ಹಳೇ ಟಿಕೆಟು ಒಬ್ಬೊಬ್ಬರಿಗೂ ಹರಿದು ಕೊಟ್ಟ.
ಒಂದು ಟಿಕೆಟಿಗೆ ಒಂದು ತುಂಡು, ಎರಡು ಗೋಳಿಬಜೆ.
ಚಿಲ್ಲರೆ ಆಮೇಲೆ.

"ಇಪ್ಪತ್ತೊಂಬತ್ತು ಯಾರಿಗೆ?" ಎಂದಳು ಅಫ್ರಾ,
ಮೊನ್ನೆಯಷ್ಟೇ ಐವತ್ತರವರೆಗೆ ಕಲಿತವಳು.
ಬಸ್ಸಿಗೆ, ಎನ್ನಲು ಬಾಯಿ ತೆರೆದೆ.
ತಂಗಿ ಎಣ್ಣೆಕೈ ಒರೆಸಿಕೊಳ್ಳುತ್ತ "ನನಗೆ" ಎಂದಳು,
"ಕಳೆದ ತಿಂಗಳು ಆಯಿತು."
ಲೀಲಾಧರ ಸೀಟಿ ಬಾಯಿಗಿಟ್ಟವನು ಊದಲಿಲ್ಲ.
ನಾನು ತೊಟ್ಟೆಯೊಳಗೆ ಇನ್ನೆಷ್ಟು ಕ್ರೀಮು ಉಳಿದಿದೆ ಎಂದು ನೋಡಿದೆ;
ಇರಲಿಲ್ಲ.

ಪ್ರಾಪ್ತಿ ಮಾತ್ರ ಮುಂದಿನ ತುಂಡು, ಆ ನೇರಳೆಯದ್ದು,
ಚಕ್ಕುಲಿ ಚಕ್ರದ ಸಮೇತ ಕಿತ್ತು ಅಮ್ಮನ ಕೈಗಿಟ್ಟಳು.
"ಲೇಡೀಸ್ ಸೀಟು," ಎಂದಳು.

ರಾತ್ರಿ ಹದಿಮೂರು ನೀಲಿ ನಾಲಗೆಗಳು ಮನೆಗೆ ಹೋದವು.

ಮರುದಿನ ಶೆಡ್ಡಿನಲ್ಲಿ ಹೊಸ ದೋಣಿ, ಹಳೇ ಬ್ರಶ್ಶು.
ಬೆರಳು ಮೂಸಿದೆ: ಟರ್ಪೆಂಟೈನಿನ ಅಡಿಯಲ್ಲಿ ಇನ್ನೂ ವೆನಿಲ್ಲಾ.
ದೋಣಿ ಧನಿ ಹಿಂದೆ ನಿಂತು ಕೇಳಿದ,
"ಅಲ್ಲ ಮಾರಾಯ, ಹೊಸ ಮರಕ್ಕೆ
ಇಷ್ಟು ಇರುವೆ ಎಲ್ಲಿಂದ?"