ಚಿಲ್ಲರೆ ಬಾಕಿ

ಪಿಟೀಲಿನ ಪೆಟ್ಟಿಗೆ ತೊಡೆಯ ಮೇಲಿಟ್ಟು ಕೂತಿದ್ದ,
ಬಸ್ಸು ಆಯನೂರು ದಾಟಿತ್ತು.
ಲಗೇಜು ಚಾರ್ಜು ಕೇಳಿದೆ, ಕೊಟ್ಟ.
ಹರಕು ಇಂಗ್ಲಿಷು, ಅವನದೂ ನನ್ನದೂ.

ಜರ್ಮನಿಯವನಂತೆ. ಎಕ್‌ಹಾರ್ಟ್ ಅಂತ ಹೆಸರು.
ಇಪ್ಪತ್ತೆರಡು ವರ್ಷ ಪಿಟೀಲು ಕುಯ್ದನಂತೆ, ಸಂಬಳಕ್ಕೆ.
ಉಂಗುರದ ಬೆರಳು ಮಡಚದಾದ ಮೇಲೆ
ಕಂಡಕ್ಟರಾದನಂತೆ.

ನಾನೂ ಅದೇ, ಅಂದೆ ಚರ್ಮದ ಬ್ಯಾಗು ತಟ್ಟಿ.
ಸೀಟು ಎಷ್ಟು?
ಎಂಬತ್ತು.
ಸ್ಟ್ಯಾಂಡಿಂಗು?
ನಾನೊಬ್ಬನೇ.

ಡ್ರೈವರ್ ಗುತ್ಯಪ್ಪ ಕನ್ನಡಿಯಲ್ಲಿ ನಕ್ಕ.

ಸೀಟಿ ಊದೋ ಹಾಗಿಲ್ಲವಂತೆ ಅಲ್ಲಿ,
ಕೈಯಲ್ಲೊಂದು ಕಡ್ಡಿ, ಅಷ್ಟೆ.
ಸದ್ದೆಲ್ಲ ಮಿಕ್ಕವರದು,
ತಪ್ಪಾದರೆ ಮಾತ್ರ ತನ್ನದು.

ಈಗ?
ಈಗ ಬರೆಯುತ್ತೇನೆ, ಯಾರೂ ಬಾರಿಸುವುದಿಲ್ಲ,
ಅಂದವನ ಮುಖದಲ್ಲಿ ದೂರೇನೂ ಇರಲಿಲ್ಲ.

ಚೋರಡಿ ಸೇತುವೆ ಹತ್ತಿರ ಇಳಿದ.
ಎರಡು ಸೀಟಿ ಹೊಡೆದೆ, ರೈಟ್.
ಕೆಳಗೆ ನಿಂತವನು ಹುಬ್ಬೇರಿಸಿದ,
ಎರಡನೆಯದು ತುಸು ಬೇಗ ಬಂತು ಎನ್ನುವ ಹಾಗೆ.

ಟಿಕೆಟು ಸೀಟಿನ ಮೇಲೇ ಬಿಟ್ಟಿದ್ದ.
ಹಿಂದೆ ನಾನು ಗೀಚಿದ ಬಾಕಿ, ಮೂರು ರೂಪಾಯಿ;
ಅದರ ಪಕ್ಕ ಐದು ಗೆರೆ,
ಗೆರೆಗಳ ಮೇಲೆ ಬಾಲದ ಚುಕ್ಕೆಗಳು, ಒಂಬತ್ತೋ ಹತ್ತೋ.

ಓದಲು ಬಾರದು ನನಗೆ.
ಮೂರು ರೂಪಾಯಿ ಬೇರೆ ಇಟ್ಟಿದ್ದೇನೆ.