ತೇಪೆ

ಬಲ್ಮಠದ ಹಳೇ ಬಂಗಲೆ ಕೆಡಹುವಾಗ
ಗೋಡೆಕಪಾಟಿನ ಬೆನ್ನಲ್ಲಿ ಅಂಟಿಕೊಂಡಿತ್ತಂತೆ
ಎರಡು ಗೇಣು ಅಗಲ, ಮೂರು ಗೇಣು ಉದ್ದ, ಈ ಕಾಗದ.
ಫ್ರಾನ್ಸಿನದ್ದು, ಇನ್ನೂರು ವರ್ಷ ಹಳತು, ಎಂದರು
ಹಲ್ಲಿನ ಡಾಕ್ಟರು ಪ್ರೆಸಿಲ್ಲಾ ಮಿನೇಜಸ್,
ಎಕ್ಸ್‌ರೇ ಹಿಡಿದ ಹಾಗೆ ಬೆಳಕಿಗೆ ಹಿಡಿದು.
ಲೇಡಿಹಿಲ್ಲಿನ ಹದಿನಾಲ್ಕನೇ ಮಾಳಿಗೆಯಲ್ಲಿ
ಅವರ ಹೊಸ ಊಟದ ಕೋಣೆ.
"ಇದೇ ಹಕ್ಕಿ, ಇದೇ ಬಳ್ಳಿ. ನಾಲ್ಕೂ ಗೋಡೆಗೆ. ಆಗ್ತದಾ?"

ಆಗ್ತದೆ ಎಂದೆ. ಬಂದರಿನ ಈ ಓಣಿಯಲ್ಲಿ
ಮದುವೆ ಕಾಗದ, ಗೇರುಬೀಜದ ಪೊಟ್ಟಣ,
ಕಬಡ್ಡಿ ಪಂದ್ಯದ ಬ್ಯಾನರು ಒತ್ತಿದ ಕೈ ಇದು.
ಒಂದು ಹಕ್ಕಿ ಯಾವ ಲೆಕ್ಕ?

ಲೆಕ್ಕ ಹನ್ನೊಂದಕ್ಕೆ ಹೋಯಿತು.
ಹನ್ನೊಂದು ಬಣ್ಣ, ಹನ್ನೊಂದು ಪರದೆ,
ಕೂದಲೆಳೆಯಷ್ಟು ಸರಿದರೂ
ಎಲೆ ಒಂದು ಕಡೆ, ಅದರ ಹಸಿರು ಇನ್ನೊಂದು ಕಡೆ.
ಜೂನ್ ತಿಂಗಳು. ಒತ್ತಿದ್ದು ಒಣಗುವುದಿಲ್ಲ,
ಒಣಗಿದ್ದು ಮರುದಿನ ಬೂಸ್ಟು ಹಿಡಿದು ಮೀಸೆ ಬಿಡುತ್ತದೆ.

ಆಗಿನವರು ಹಸಿರಿಗೆ ಪಾಷಾಣ ಬೆರೆಸುತ್ತಿದ್ದರಂತೆ.
ನನ್ನ ಡಬ್ಬಿಯಲ್ಲಿ ಅದಿಲ್ಲ. ಹುಡುಕಿದೆ:
ಬಸಳೆ ಹೆಚ್ಚಾಯಿತು, ತೊಂಡೆಕಾಯಿ ಸಾಲಲಿಲ್ಲ,
ಕೊನೆಗೆ ಉಳ್ಳಾಲದ ಬಸ್ಸಿನ ಕಿಟಕಿಯಿಂದ ಕಂಡಿತು
ಇಳಿತದ ಹೊತ್ತು, ಸಂಕದ ಕಂಬದ ಮೇಲೆ
ನೀರು ಬಿಟ್ಟುಹೋದ ಗೆರೆ.
ಅದೇ.

ಪಡಿಯಚ್ಚು ತೆಗೆಯುತ್ತಿದ್ದ ಮೋನಪ್ಪಣ್ಣ
ಮಧ್ಯಾಹ್ನ ಕನ್ನಡಕ ಕಳಚಿದರು.
"ಈ ಕೊಕ್ಕಿನದ್ದು ಎಂತದೋ ಉಂಟು ಮಾರಾಯ್ತಿ.
ಗಿಳಿಯಾಗಿ ಶುರುವಾಗ್ತದೆ, ಮುಗಿಯುವಾಗ ಮಿಂಚುಳ್ಳಿ.
ಹೂವು ನೋಡು. ಅವರ ಊರಿನದ್ದಾ ಇದು?
ನಮ್ಮ ಕೇಪಳ ಅಲ್ವಾ?"

ಮಗುಚಿದೆವು.
ಬೆನ್ನಲ್ಲಿ ಹಂಚಿನ ಕಾರ್ಖಾನೆಯ ಹಾಜರಿ.
ಐತ, ದೂಮ, ಬೂದ, ಚೋಮು,
ದಿನಕ್ಕೆ ಎರಡೂವರೆ ಆಣೆ,
ಬೂದನಿಗೆ ಜ್ವರ, ಅರ್ಧ ದಿನ.
ಅದರ ಕೆಳಗೆ ಪೆನ್ಸಿಲಿನಲ್ಲಿ
ನಾಲ್ಕು ಕೊಕ್ಕು. ಮೂರಕ್ಕೆ ಗೀಟು.

ದೊರೆಯ ಗೋಡೆಗೆ ಗೆದ್ದಲು ಹತ್ತಿರಬೇಕು.
ಹಡಗಿನಲ್ಲಿ ತರಿಸಿದರೆ ವರ್ಷ ಬೇಕು.
ಯಾರನ್ನೋ ಕರೆದು, "ಹಾಗೇ ಬರಬೇಕು" ಎಂದಿರಬೇಕು.
ಆತ ಪಕ್ಕದ ಹಕ್ಕಿ ನೋಡಿಕೊಂಡು ಬರೆದ.
ಪಕ್ಕದ ಹಕ್ಕಿಗಳೆಲ್ಲ ಜೆಸಿಬಿಯ ಹಲ್ಲಿಗೆ ಹೋದವು.
ಉಳಿದದ್ದು ತೇಪೆ.

ಫೋನಿನಲ್ಲಿ ಹೇಳಿದೆ. ಆಚೆ ಡ್ರಿಲ್ಲಿನ ಸದ್ದು ನಿಂತಿತು.
ಅಡ್ವಾನ್ಸು ವಾಪಸು ಕೇಳಿದರೆ? ಅರ್ಧ ಆಗಲೇ
ಬಣ್ಣದ ಅಂಗಡಿಗೆ ಹೋಗಿದೆ.
"ನೋಡಿ," ಎಂದರು, "ನಾನು ದಿನಾ ಮಾಡುವುದೂ ಅದೇ.
ಪಕ್ಕದ ಹಲ್ಲು ನೋಡಿ ಬಣ್ಣ ಹೊಂದಿಸುವುದು.
ಗೊತ್ತಾಗಲಿಲ್ಲ ಅಂದ್ರೆ ಕೆಲಸ ಚಂದ ಆಗಿದೆ ಅಂತ."
ಸ್ವಲ್ಪ ತಡೆದು:
"ಕೊಕ್ಕು ತಿದ್ದಬೇಡಿ."

ಇಪ್ಪತ್ತೆರಡು ಸುರುಳಿ. ದೀಪಾವಳಿಗೆ ಮೊದಲು ಅಂಟಿಸಿದೆವು.
ಗೋಡೆ ತುಂಬ ಗಿಳಿಯಾಗಿ ಶುರುವಾಗಿ
ಮಿಂಚುಳ್ಳಿಯಾಗಿ ಮುಗಿಯುವ ಹಕ್ಕಿ,
ಫ್ರಾನ್ಸಿನ ಬಳ್ಳಿಯಲ್ಲಿ ಕೇಪಳ.
ಫ್ರಿಜ್ಜಿನ ಹಿಂದೆ, ಮೂಲೆಯಲ್ಲಿ, ಒಂದು ಗೇಣು ಕಡಿಮೆ ಬಿತ್ತು.
ಅಳತೆ ನನ್ನದೇ. ಪರದೆಗಳನ್ನು ತೊಳೆದಾಗಿತ್ತು.
"ಅಲ್ಲಿ ಯಾರು ನೋಡ್ತಾರೆ?"
ಎಂದರು ಮೋನಪ್ಪಣ್ಣ, ಬ್ರಶ್ಶು ಕೈಗೆ ಕೊಡುತ್ತ.

ಚೀಲದಲ್ಲಿ ಮೆಸ್ಕಾಂ ಬಿಲ್ಲಿತ್ತು.
ಅದರ ಬೆನ್ನಿಗೆ ಒಂದು ಕೊಕ್ಕು ಬರೆದೆ. ಗೀಟು.
ಇನ್ನೊಂದು. ಕಾಗೆಯಾಯಿತು. ಗೀಟು.
ಕಿಟಕಿಯ ಹೊರಗೆ, ಸರಿಯಾಗಿ ಕಣ್ಣಿನ ಮಟ್ಟಕ್ಕೆ,
ಬಿಳಿ ಕತ್ತಿನ ಗರುಡವೊಂದು ತೇಲಿ ಹೋಯಿತು
ಮುಖ ಆಚೆ ಮಾಡಿಕೊಂಡು.
ಮೂರನೆಯದು ಶುರುಮಾಡಿದೆ.