ಗಾಮಾ ಸೊನ್ನೆಯ ಹತ್ತಿರ

ಸುರತ್ಕಲ್ಲಿನ ಹಾಸ್ಟೆಲಿನಲ್ಲಿ ರಾತ್ರಿ ಎರಡೂಕಾಲು.
ಫ್ಯಾನು ಮೂರನೇ ನಂಬರಿನಲ್ಲಿ ಸಿಕ್ಕಿಕೊಂಡಿದೆ,
ದೀಪಸ್ತಂಭದ ಬೆಳಕು ಕಿಟಕಿಗೆ ಬಂದು ಹೋಗಿ, ಬಂದು ಹೋಗಿ,
ನನ್ನ ಸಮೀಕರಣ ಮಾತ್ರ ಕದಲುವುದಿಲ್ಲ.

ಬರುವವರು ಲ್ಯಾಮ್ಡಾ.
ಬೇಸತ್ತು ಅರ್ಧಕ್ಕೇ ಬಿಡುವವರು ಥೀಟಾ.
ಫೈಲು ಪೂರ್ತಿ ಸಿಕ್ಕ ಮೇಲೂ
ಸ್ವಲ್ಪ ಹೊತ್ತು ಕೂತು ಬೇರೆಯವರಿಗೆ ಹಂಚಿ
ಆಮೇಲೆ ಎದ್ದುಹೋಗುವವರು ಗಾಮಾ.
ಹೆಸರಿಲ್ಲ, ಮುಖವಿಲ್ಲ;
ನೀರಿನ ಹಾಗೆ ಒಂದೇ ತೊಟ್ಟಿಗೆ ಸುರಿದಿದ್ದೇನೆ ಎಲ್ಲರನ್ನೂ.
ಏಳು ಪಾಯಿಂಟ್ ಎರಡು ಜನ ಅಂದರೆ ಅಮ್ಮ ನಗುತ್ತಾಳೆ:
"ಆ ಪಾಯಿಂಟ್ ಎರಡಿನವ ಊಟಕ್ಕೆ ಬಂದರೆ
ಎಷ್ಟು ಬಡಿಸುವುದು?"

ಇರ್ವತ್ರಾಯ ಸರ್ ಕೆಂಪು ಪೆನ್ನಿನಲ್ಲಿ ಬರೆದಿದ್ದರು:
ಈಟಾವನ್ನು ಒಂದೆಂದು ಯಾಕೆ ಹಿಡಿದೆ? ಸಮರ್ಥಿಸು.
ಈಟಾ ಅಂದರೆ, ಇನ್ನೂ ಪೂರ್ತಿ ಪಡೆಯದವರು
ತಮ್ಮಲ್ಲಿದ್ದಷ್ಟನ್ನೇ ಹಂಚಿದರೆ ಎಷ್ಟು ಪ್ರಯೋಜನ ಎಂಬುದು.
ಮೂರು ದಿನ ಪುಟ ತುಂಬಿಸಿ ಹರಿದೆ.

ಭಾನುವಾರ ಹೊಸಬೆಟ್ಟಿನಲ್ಲಿ ವಾಸಣ್ಣನ ಕೈರಂಪಣಿ.
ದೋಣಿ ಕಡಲಿನಲ್ಲಿ ಅರ್ಧಚಂದ್ರ ಬರೆದು ಬಂತು,
ಹಗ್ಗದ ಎರಡೂ ತುದಿಗೆ ಜನ: ಕುಂದರರು, ಅವರ ಮಕ್ಕಳು,
ವಾಕಿಂಗಿಗೆ ಬಂದ ರಿಫೈನರಿಯ ಬಿಹಾರಿ ಹುಡುಗ,
ನಿನ್ನೆಯಷ್ಟೇ ಜ್ವರ ಬಿಟ್ಟ ಗಿರಿಯಕ್ಕ.
ಅವಳು ಹಗ್ಗ ಎಳೆದಳೋ, ಹಗ್ಗ ಹಿಡಿದು ನಿಂತಳೋ, ಗೊತ್ತಿಲ್ಲ.
ಬಲೆ ಇನ್ನೂ ನೀರಿನಲ್ಲಿ. ಯಾರ ಕೈಯಲ್ಲೂ ಒಂದು ಮೀನಿಲ್ಲ,
ಆದರೂ ಕೈಯಿಂದ ಕೈಗೆ ಏನೋ ದಾಟುತ್ತಿತ್ತು.

ಪಾಲು ಹಾಕುವಾಗ ತಕ್ಕಡಿ ತರಲಿಲ್ಲ ವಾಸಣ್ಣ.
ದೋಣಿಗೊಂದು, ಬಲೆಗೊಂದು, ಉಳಿದದ್ದು ಕೈಗಳಿಗೆ.
ಬಿಹಾರಿ ಹುಡುಗನ ತೊಟ್ಟೆಗೂ ಒಂದು ಬೊಗಸೆ ಬೂತಾಯಿ.
"ಅವ ಎಂತ ಎಳೆದದ್ದು ಮಾರಾಯ?" ಅಂದರು ಯಾರೋ.
"ನಾಳೆ ಎಳೆದಾನು."

ಇದು ನನ್ನ ಮೂರನೆಯ ಅಧ್ಯಾಯದಲ್ಲಿ ಉಂಟು:
ಕೊಟ್ಟವರಿಗೇ ಕೊಡು ಎಂಬುದು ನಿಯಮ,
ಆದರೆ ಮೂವತ್ತು ಸೆಕೆಂಡಿಗೊಮ್ಮೆ
ಏನೂ ಕೊಡದ ಅಪರಿಚಿತನಿಗೂ ಕೊಟ್ಟು ನೋಡು.
ಇಲ್ಲದಿದ್ದರೆ ಬರಿಗೈಯವರು ಎಲ್ಲಿಂದ ಶುರುಮಾಡುವುದು?
ಅಂಚಿನಲ್ಲಿ 'ಕೈರಂಪಣಿ' ಎಂದು ಬರೆದೆ.
ಸರ್ ಒಪ್ಪಲಿಕ್ಕಿಲ್ಲ. ಹೊಡೆದುಹಾಕಿದೆ.

ಈಗ ಪರದೆಯ ಮೇಲೆ ಪ್ರಯೋಗದ ಫೈಲು:
ನಾನೂರ ಹನ್ನೆರಡು ತುಂಡು, ಬಂದದ್ದು ನಾನೂರ ಹನ್ನೊಂದು.
ಹದಿನೇಳು ಮಂದಿ ಅದೊಂದೇ ತುಂಡಿಗೆ ಕಾಯುತ್ತಿದ್ದೇವೆ,
ಉಳಿದದ್ದನ್ನೆಲ್ಲ ಒಬ್ಬರಿಗೊಬ್ಬರು ಕೊಟ್ಟು ಮುಗಿದಿದೆ.
ಅದು ಇರುವುದು ಲವೀನಾ ಕ್ರಾಸ್ತಾಳ ಲ್ಯಾಪ್‌ಟಾಪಿನಲ್ಲಿ,
ಲವೀನಾ ತಂಗಿಯ ರೋಸಿಗೆಂದು ಕಿನ್ನಿಗೋಳಿಯಲ್ಲಿ.
ನನ್ನ ಮಾದರಿಯಲ್ಲಿ ತಂಗಿಯ ರೋಸಿಗೆ ಅಕ್ಷರವಿಲ್ಲ.

ಎರಡೂ ಐವತ್ತಕ್ಕೆ ಹಸಿರು ಚುಕ್ಕೆ.
"ತಲೆಯಲ್ಲಿನ್ನೂ ತೆಂಗಿನಹಾಲು. ಜಿಡ್ಡು ಕೈ.
ಸಿಕ್ಕಿತಾ? ಮಲಗಲಾ?"
ಸಿಕ್ಕಿತು. ಮಲಗು. ನಾನಿದ್ದೇನೆ.

ಒಬ್ಬೊಬ್ಬರಾಗಿ ಪೂರ್ತಿಯಾದರು, ಎದ್ದುಹೋದರು;
ಥ್ಯಾಂಕ್ಸ್ ಹೇಳಲು ಇಲ್ಲಿ ಜಾಗವಿಲ್ಲ.
ನನಗೂ ನಿದ್ದೆ. ಕೈ ಮುಚ್ಚಳದ ಮೇಲಿತ್ತು.
ಮೂರೂ ಹತ್ತಕ್ಕೆ ಯಾರೋ ಹೊಸಬರು ಬಂದರು,
ಸೊನ್ನೆ ತುಂಡಿನವರು.